ಅಸಲಿಯೋ ನಕಲಿಯೋ ಎಂದು ಕೇಳುವವರಿಗೆ

ನನ್ನ ಬೀಚ್ ಬಗ್ಗಿ, ಅಂದರೆ ಕಡಲತೀರದ ಮರಳಿನ ಮೇಲೆ ಓಡಿಸುವ ಹಗುರ ಕಾರು, ನಕಲಿ. ಉತ್ತರ ಇಷ್ಟೇ. ಆತುರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ದಕ್ಷಿಣ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬರುವ ಕನ್ನಡ ಬಳಗದವರು ಗ್ಯಾರೇಜಿನಲ್ಲಿ ನಿಂತಿರುವ ಈ ಬಾಗಿಲಿಲ್ಲದ, ಚಾವಣಿಯಿಲ್ಲದ ವಾಹನವನ್ನು ಕಂಡೊಡನೆ ಕೇಳುವುದು ಒಂದೇ: "ಇದು ಒರಿಜಿನಲ್ಲೇ?" ಕೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ. ಕಳೆದ ದೀಪಾವಳಿಗೆ ಬಂದ ಮಹನೀಯರೊಬ್ಬರು ಬೆರಳ ಗೆಣ್ಣಿನಿಂದ ಬಾನೆಟ್ಟನ್ನು ಬಡಿದು, ತೆಂಗಿನಕಾಯಿ ಆರಿಸುವವರಂತೆ ಕಿವಿಗೊಟ್ಟು, "ಪ್ಲಾಸ್ಟಿಕ್" ಎಂದು ಘೋಷಿಸಿದರು. ಅದು ಫೈಬರ್‌ಗ್ಲಾಸ್, ಸ್ವಾಮಿ. ನೀವು ಹುಡುಕುತ್ತಿರುವ ಅಸಲಿಯೂ ಅದರದ್ದೇ.

ಸರಿ, ಅಸಲಿ ಯಾವುದು? 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಿಸ್ಮೊ ಬೀಚಿನ ಮರಳುದಿಬ್ಬಗಳ ಮೇಲೆ ಏದುಸಿರುಬಿಡುತ್ತಿದ್ದವು ಮೈಕವಚ ಕಿತ್ತ ಹಳೆಯ ಅಮೆರಿಕನ್ ಕಾರುಗಳು. ಭಾರದ ಎಂಜಿನ್, ಭಾರದ ಚೌಕಟ್ಟು. ನ್ಯೂಪೋರ್ಟ್ ಬೀಚಿನ ಬ್ರೂಸ್ ಮೇಯರ್ಸ್ ಹಾಯಿದೋಣಿಗಳಿಗೆ ಫೈಬರ್‌ಗ್ಲಾಸ್ ಒಡಲು ಕಟ್ಟಿ ಪಳಗಿದವರು. 1964ರಲ್ಲಿ ಅವರು ತಯಾರಿಸಿದ 'ಓಲ್ಡ್ ರೆಡ್' ಎಂಬ ಬಗ್ಗಿಗೆ ಚಾಸಿಯೇ, ಅಂದರೆ ಅಡಿಯ ಚೌಕಟ್ಟೇ, ಇರಲಿಲ್ಲ. ದೋಣಿಯ ಹಾಗೆ ಒಡಲೇ ಭಾರ ಹೊರುತ್ತಿತ್ತು, ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ನನ್ನೂ ಸಸ್ಪೆನ್ಷನ್ನನ್ನೂ ಅದಕ್ಕೇ ಬಿಗಿದಿದ್ದರು. ಅಂಥವು ತಯಾರಾದದ್ದು ಬರೀ ಹನ್ನೆರಡು, ಏಕೆಂದರೆ ಖರ್ಚು ಗಿಟ್ಟಲಿಲ್ಲ. ಆಮೇಲೆ ಅವರು ಸಾವಿರಗಟ್ಟಲೆ ಮಾರಿದ 'ಮೇಯರ್ಸ್ ಮ್ಯಾಂಕ್ಸ್' ಕಿಟ್, ಅಂದರೆ ಕೊಂಡವರೇ ಜೋಡಿಸಿಕೊಳ್ಳಬೇಕಾದ ಬಗ್ಗಿ, ಬೇರೆಯೇ. ಅದಕ್ಕೆ ಹಳೆಯ ಬೀಟಲ್ ಒಂದರ ತಳವನ್ನು ಹದಿನಾಲ್ಕು ಇಂಚಿಗೂ ತುಸು ಹೆಚ್ಚು ಕತ್ತರಿಸಿ, ಮತ್ತೆ ಬೆಸೆದು, ಮೇಲೆ ಒಡಲು ಕೂರಿಸಬೇಕು. ಎಂಜಿನ್ ಜರ್ಮನಿಯದು, ತಳ ಗುಜರಿಯದು, ಬೆಸುಗೆ ಕೊಂಡವನ ಭಾವಮೈದುನನದು. ಇದರಲ್ಲಿ ಅಸಲಿಯನ್ನು ಎಲ್ಲಿಂದ ಹೆಕ್ಕುತ್ತೀರಿ?

ನಕಲು ಮಾಡುವುದೂ ಅಷ್ಟೇ ಸಲೀಸು. ಒಂದು ಒಡಲು ಕೊಂಡುಕೊಳ್ಳಿ, ಮೇಣ ಹಚ್ಚಿ, ರಾಳದಲ್ಲಿ ನೆನೆದ ಗಾಜಿನೆಳೆಯ ಹಾಸು ಹೊದಿಸಿ, ಗಟ್ಟಿಯಾದ ಮೇಲೆ ಕಳಚಿ. ಅಚ್ಚು ಸಿದ್ಧ. ಮೇಯರ್ಸ್ ಪೇಟೆಂಟ್ ಹಿಡಿದು ನ್ಯಾಯಾಲಯಕ್ಕೆ ಹೋದರು, ಪೇಟೆಂಟೇ ಊರ್ಜಿತವಲ್ಲವೆಂದಾಯಿತು. ಅವರು ಮಾರಿದ್ದು ಸುಮಾರು 6,000 ಕಿಟ್. ಜಗತ್ತಿನಾದ್ಯಂತ ಹುಟ್ಟಿದ ನಕಲುಗಳು ಎರಡು ಲಕ್ಷಕ್ಕೂ ಮಿಕ್ಕಿ ಎಂಬುದು ಸಾಮಾನ್ಯ ಅಂದಾಜು. 1971ರಲ್ಲಿ ಅವರ ಕಂಪನಿ ಮುಚ್ಚಿತು. ನಕಲಿ ಇಟ್ಟುಕೊಂಡ ನನಗೆ ಈ ವಿಷಯದಲ್ಲಿ ಸ್ವಲ್ಪ ಮುಜುಗರವಿದೆ, ಒಪ್ಪುತ್ತೇನೆ. ಆದರೆ ಬಾನೆಟ್ ಬಡಿದವರು ಕೇಳಿದ್ದು ಇದನ್ನಲ್ಲ.

ಯಾರಾದರೂ ಒಮ್ಮೆಯಾದರೂ ಕೇಳಬಾರದೇ, ಇಷ್ಟು ಪುಟ್ಟ ಎಂಜಿನ್ ಇಟ್ಟುಕೊಂಡು ಇದು ಮರಳಿನಲ್ಲಿ ಹೂತುಹೋಗುವುದಿಲ್ಲ ಏಕೆ ಎಂದು! ಬೀಟಲ್‌ನ ಎಂಜಿನ್ ಹಿಂದಿನ ಚಕ್ರಗಳ ಆಕ್ಸಲ್‌ಗಿಂತಲೂ ಹಿಂದಿದೆ. ಹಾಗಾಗಿ ತೂಕವೆಲ್ಲ ಎಳೆಯುವ ಚಕ್ರಗಳ ಮೇಲೆಯೇ ಬೀಳುತ್ತದೆ, ಮುಂಭಾಗ ಹಗುರವಾಗಿ ಮರಳಿನ ಮೇಲೆ ತೇಲುತ್ತದೆ. ಅಗಲ ಟೈರುಗಳ ಗಾಳಿಯನ್ನು ಅರ್ಧಕ್ಕೂ ಕಡಿಮೆ ಮಾಡಿದರೆ ಅವು ಹರಡಿಕೊಂಡು ನೆಲ ಹಿಡಿಯುತ್ತವೆ. ಎಂಜಿನ್ ತಣಿಯುವುದು ಗಾಳಿಯಿಂದ, ರೇಡಿಯೇಟರ್ ಇಲ್ಲ, ನೀರು ಕುದಿಯುವ ಮಾತೇ ಇಲ್ಲ. ಇಷ್ಟರ ಬಲದಿಂದಲೇ 1967ರ ಏಪ್ರಿಲ್‌ನಲ್ಲಿ ಮೇಯರ್ಸ್ ಮತ್ತು ಟೆಡ್ ಮ್ಯಾಂಗಲ್ಸ್ ಓಲ್ಡ್ ರೆಡ್‌ನಲ್ಲಿ ಕುಳಿತು ಮೆಕ್ಸಿಕೋದ ಲಾ ಪಾಝ್‌ನಿಂದ ಟಿವಾನಾವರೆಗಿನ ಕಲ್ಲು, ಧೂಳು, ಮರಳನ್ನು 34 ಗಂಟೆ 45 ನಿಮಿಷಗಳಲ್ಲಿ ದಾಟಿ, ಮೋಟಾರ್‌ಸೈಕಲ್ಲಿನವರ ದಾಖಲೆಯನ್ನು ಐದು ಗಂಟೆಗೂ ಹೆಚ್ಚು ಅಂತರದಿಂದ ಮುರಿದರು. ಅದೇ ವರ್ಷ ಅದೇ ನೆಲದಲ್ಲಿ ನಡೆದ ಮೊದಲ ಅಧಿಕೃತ ರೇಸನ್ನು, ಇಂದಿನ ಬಾಜಾ 1000 ಅನ್ನು, ಗೆದ್ದದ್ದೂ ಒಂದು ಮ್ಯಾಂಕ್ಸ್.

ಇನ್ನು ಮುಂದೆ ಬರುವವರು ಬಾನೆಟ್ ಬಡಿಯುವ ಬದಲು ದಯವಿಟ್ಟು ನೆಲದ ಮೇಲೆ ಅಂಗಾತ ಮಲಗಿ ಅಡಿಯನ್ನು ನೋಡಿ. ತಳದ ನಡುವೆ ಸೊಟ್ಟಗೆ ಒಂದು ಬೆಸುಗೆಯ ಗೆರೆ ಹಾದಿದೆ, ಒಂದು ಕಡೆ ಬೆರಳಿನಷ್ಟು ದಪ್ಪ ಉಬ್ಬಿದೆ. ಅದನ್ನು ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು, ನಡುವೆ ಎಷ್ಟು ಸಲ ಬೈದುಕೊಂಡರು ಎಂದು ಕೇಳಿ. ಕಾಫಿ ನಾನೇ ಮಾಡಿಕೊಡುತ್ತೇನೆ.