ಕೆಂಪು ಡೀಸೆಲ್, ನೀಲಿ ಸೀಮೆಎಣ್ಣೆ ಮತ್ತು ತೋಟದ ಗೇಟು

ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ, ಸ್ಪ್ರಿಂಕ್ಲರ್ ಪೈಪುಗಳನ್ನು ಬಿಚ್ಚಿ ಶೆಡ್ಡಿಗೆ ಸಾಗಿಸುತ್ತಿದ್ದ ಹೊತ್ತಿನಲ್ಲಿ, ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ಫೋನು ಮಾಡಿದ. ಅಮೆರಿಕದ ಸೈನ್ಯ ಎಂದೋ ಹರಾಜು ಹಾಕಿದ್ದ, ಅನಂತರ ಒಬ್ಬ ರೈತನ ಜಮೀನಿನಲ್ಲಿ ದುಡಿಯುತ್ತಿದ್ದ ಎಂ35ಎ2 ಎಂಬ ಎರಡೂವರೆ ಟನ್ನಿನ ಮಿಲಿಟರಿ ಲಾರಿಯನ್ನು ಅವನು ಕೊಂಡುಕೊಂಡಿದ್ದ. "ಮಾವ, ಪಕ್ಕದ ಫಾರ್ಮಿನವರ ಹತ್ತಿರ ಕೆಂಪು ಡೀಸೆಲ್ ಇದೆ, ಗ್ಯಾಲನ್ನಿಗೆ ನಲವತ್ತು ಸೆಂಟಿನ ಮೇಲೆ ಕಮ್ಮಿ ಬೀಳುತ್ತೆ. ಈ ಎಂಜಿನ್ನಿಗೆ ಏನು ಹಾಕಿದರೂ ಓಡುತ್ತೆ ಅಂತಾರೆ. ನಮ್ಮ ಶಕ್ತಿಮಾನ್ ಲಾರಿ ಥರ. ಹಾಕಿಬಿಡಲಾ?" ಎಂದು ಕೇಳಿದ. ಹಾಕಬೇಡ ಎಂದು ಅಂದೇ ಹೇಳಿದೆನಾದರೂ, ಕಾರಣವನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಲ್ಲಿ ಡಿಸ್ಪೋಸಲ್ ಗಾಡಿ, ಅಂದರೆ ಸೈನ್ಯ ಹರಾಜು ಹಾಕಿದ ಗಾಡಿ, ಇಟ್ಟುಕೊಂಡಿರುವವರಿಗೂ, ಹೊರದೇಶದಲ್ಲಿ ಅಂಥ ಗಾಡಿಯ ಆಸೆಗೆ ಬಿದ್ದಿರುವ ನಮ್ಮ ಮಕ್ಕಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೆಂಪು ಬಣ್ಣದ ವಿಷಯ. ಅಮೆರಿಕದಲ್ಲಿ ರಸ್ತೆಯ ಮೇಲೆ ಓಡುವ ವಾಹನದ ಡೀಸೆಲ್ ಮೇಲೆ ಕೇಂದ್ರ ಸರ್ಕಾರ ಗ್ಯಾಲನ್ನಿಗೆ 24.4 ಸೆಂಟ್ ತೆರಿಗೆ ಹಾಕುತ್ತದೆ. ಟೆಕ್ಸಸ್ ರಾಜ್ಯದ್ದು ಅದರ ಮೇಲೆ ಇನ್ನೂ 20 ಸೆಂಟ್. ಈ ಹಣದ ಹೆಚ್ಚಿನ ಭಾಗ ಹೆದ್ದಾರಿಗಳ ಕೆಲಸಕ್ಕೆ ಹೋಗುವುದರಿಂದ, ರಸ್ತೆಯನ್ನೇ ಮುಟ್ಟದ ಟ್ರ್ಯಾಕ್ಟರು, ಜನರೇಟರು, ನೀರೆತ್ತುವ ಪಂಪುಗಳಿಗೆ ಆ ತೆರಿಗೆಯ ವಿನಾಯಿತಿ ಉಂಟು. ವಿನಾಯಿತಿ ಪಡೆದ ಎಣ್ಣೆ ರಸ್ತೆಗೆ ನುಸುಳದಿರಲಿ ಎಂದು 1994ರಿಂದ ಅದಕ್ಕೆ ಸಾಲ್ವೆಂಟ್ ರೆಡ್ 164 ಎಂಬ ಕೆಂಪು ಬಣ್ಣವನ್ನು ಬೆರೆಸಲಾಗುತ್ತಿದೆ. ಎಷ್ಟು ಬೆರೆಸಬೇಕೆಂಬುದಕ್ಕೂ ನಿಯಮವಿದೆ: ಸಾಲ್ವೆಂಟ್ ರೆಡ್ 26 ಎಂಬ ಇನ್ನೊಂದು ಬಣ್ಣವನ್ನು ಅಳತೆಗೋಲಾಗಿಟ್ಟುಕೊಂಡು, ಸಾವಿರ ಬ್ಯಾರಲ್ಲಿಗೆ 3.9 ಪೌಂಡಿನಷ್ಟಕ್ಕೆ ಸಮನಾಗಿ ಕೆಂಪು ಕಾಣಿಸಬೇಕು. ನಮ್ಮ ಲೆಕ್ಕಕ್ಕೆ ಇಳಿಸಿದರೆ ಇದು ಸಾವಿರ ಲೀಟರಿಗೆ ಸುಮಾರು 11 ಗ್ರಾಂ. ಒಂದು ಹಿಡಿ ಕಾಫಿಪುಡಿಗಿಂತಲೂ ಕಡಿಮೆ ತೂಕದ ಈ ಬಣ್ಣ ಟ್ಯಾಂಕಿನ ತಳ, ಪೈಪು, ಫಿಲ್ಟರಿನ ಕಾಗದ ಎಲ್ಲಕ್ಕೂ ಹಿಡಿದುಕೊಳ್ಳುತ್ತದೆ.

ಎಂಜಿನ್ನಿನ ಮಟ್ಟಿಗೆ ನೋಡಿದರೆ ಕೆಂಪು ಡೀಸೆಲ್ಲಿನಲ್ಲಿ ತಪ್ಪೇನೂ ಇಲ್ಲ, ಮತ್ತು ಜನರು ಎಡವುವುದು ಇಲ್ಲಿಯೇ. ಹಿಂದೆ ಕೆಂಪು ಎಣ್ಣೆಯಲ್ಲಿ ಗಂಧಕದ ಪ್ರಮಾಣ ಹೆಚ್ಚಿರುತ್ತಿತ್ತು. 2010ರಿಂದೀಚೆಗೆ ಕೃಷಿ ಯಂತ್ರಗಳ ಡೀಸೆಲ್ಲಿಗೂ ಹತ್ತು ಲಕ್ಷಕ್ಕೆ 15 ಭಾಗ ಎಂಬ ಮಿತಿ ಬಂದ ಮೇಲೆ ಎರಡಕ್ಕೂ ಉಳಿದಿರುವ ಮುಖ್ಯ ವ್ಯತ್ಯಾಸ ಬಣ್ಣ ಮತ್ತು ತೆರಿಗೆ, ಅಷ್ಟೇ. ಅದರ ಮೇಲೆ ಎಂ35ಎ2 ಲಾರಿಯದು ಮಲ್ಟಿಫ್ಯುಯೆಲ್ ಎಂಜಿನ್. ಯುದ್ಧಭೂಮಿಯಲ್ಲಿ ಸಿಕ್ಕಿದ ಎಣ್ಣೆಯಲ್ಲಿ ಮುಂದೆ ಸಾಗಲೆಂದೇ ಅದನ್ನು ರೂಪಿಸಿದ್ದರು. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ತೀರಾ ಅನಿವಾರ್ಯವಾದಾಗ ಪೆಟ್ರೋಲನ್ನೂ ಅದು ಉರಿಸಿಕೊಳ್ಳುತ್ತದೆ. ಎಂಜಿನ್ ಒಪ್ಪಿದ ಮೇಲೆ ಕೇಳುವವರು ಯಾರು ಎಂಬ ಧೈರ್ಯ ಮಾಲೀಕನಿಗೆ ಬಂದುಬಿಡುತ್ತದೆ. ಆದರೆ ಡೀಸೆಲ್ ಎಂಜಿನ್ನಿನ ರಸ್ತೆ ವಾಹನದಲ್ಲಿ ಡೀಸೆಲ್ಲಿಗೆ ಬದಲಾಗಿ ಬೇರೆ ಯಾವ ದ್ರವವನ್ನು ಉರಿಸಿದರೂ ಅದಕ್ಕೂ ತೆರಿಗೆ ತಗಲುತ್ತದೆಂದು ಅಲ್ಲಿನ ಕಾನೂನು ಹೇಳುತ್ತದೆ. ಹೋಟೆಲಿನಿಂದ ತಂದು ಸೋಸಿದ ಕರಿದೆಣ್ಣೆಯೂ ಇದಕ್ಕೆ ಹೊರತಲ್ಲ.

ದಂಡದ ಲೆಕ್ಕವನ್ನು ನಾನೇ ಕಾಗದದ ಮೇಲೆ ಬರೆದು ಅದರ ಫೋಟೋ ತೆಗೆದು ಅವನಿಗೆ ಕಳಿಸಿದೆ. ಆ ಲಾರಿಯ ಟ್ಯಾಂಕು 50 ಗ್ಯಾಲನ್ನಿನದು, ಅಂದರೆ ನಮ್ಮ ಸುಮಾರು 190 ಲೀಟರ್. ತುಂಬ ಕೆಂಪು ಡೀಸೆಲ್ ಹಾಕಿದರೆ ಅವನಿಗೆ ಉಳಿಯುವ ತೆರಿಗೆ ಕೇಂದ್ರದ್ದು ಸುಮಾರು 12 ಡಾಲರ್, ರಾಜ್ಯದ್ದು 10 ಡಾಲರ್, ಒಟ್ಟು ಸುಮಾರು 22 ಡಾಲರ್. ಸಿಕ್ಕಿಬಿದ್ದರೆ ಕೇಂದ್ರದ ದಂಡ ಗ್ಯಾಲನ್ನಿಗೆ 10 ಡಾಲರ್ ಅಥವಾ ಒಟ್ಟು 1,000 ಡಾಲರ್, ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಟ್ಯಾಂಕಿನ ಲೆಕ್ಕದಲ್ಲಿ 500 ಡಾಲರ್ ಆಗುವುದರಿಂದ ಅವನು ಕಟ್ಟಬೇಕಾದದ್ದು 1,000. ಎರಡನೆಯ ಸಲಕ್ಕೆ ಅದು 2,000, ಮೂರನೆಯ ಸಲಕ್ಕೆ 3,000 ಆಗುತ್ತದೆ. ರಾಜ್ಯಗಳ ದಂಡ ಬೇರೆ, ಕಟ್ಟದೆ ಬಿಟ್ಟಿದ್ದ ತೆರಿಗೆಯೂ ಬೇರೆ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿನಿಂದ ಮಾದರಿ ತೆಗೆಯುವ ಅಧಿಕಾರ ತೆರಿಗೆ ಇಲಾಖೆಗೆ ಇದೆ. ತಪಾಸಣೆಗೆ ಬಿಡುವುದಿಲ್ಲ ಎಂದರೆ ಅದಕ್ಕೇ ಪ್ರತ್ಯೇಕವಾಗಿ 1,000 ಡಾಲರ್. ಬಿಳಿ ಡೀಸೆಲ್ (ಬಣ್ಣ ಬೆರೆಸದ, ತೆರಿಗೆ ಕಟ್ಟಿದ ಡೀಸೆಲ್) ಸೇರಿಸಿ ಕೆಂಪನ್ನು ತೆಳು ಮಾಡೋಣ, ಇಲ್ಲವೇ ಏನಾದರೂ ಹಾಕಿ ಬಣ್ಣ ತೆಗೆಯೋಣ ಎಂದು ಹೊರಟವರಿಗಂತೂ ಬಣ್ಣವನ್ನು ಬೇಕೆಂದೇ ಬದಲಿಸುವುದು ಆ ಕಾನೂನಿನಲ್ಲಿ ಇನ್ನೊಂದು ಅಪರಾಧ.

ಮಿಲಿಟರಿ ಲಾರಿಗಳ ವಿಷಯದಲ್ಲಿ ಇದು ಹೆಚ್ಚು ಅಪಾಯಕಾರಿಯಾಗುವುದೇಕೆಂದರೆ, ಅವುಗಳ ಬಾಳು ಗೇಟಿನ ಒಳಗೂ ಹೊರಗೂ ಹಂಚಿಹೋಗಿರುತ್ತದೆ. ಹರಾಜಿನಲ್ಲಿ ಕೊಂಡ ರೈತ ಅದನ್ನು ನೋಂದಣಿ ಮಾಡಿಸದೆ ಹೊಲದಲ್ಲಿ ಹುಲ್ಲು ಹೇರಲು ಬಳಸುತ್ತಾನೆ. ಅಲ್ಲಿ ಕೆಂಪು ಡೀಸೆಲ್ ಹಾಕುವುದು ಅವನ ಹಕ್ಕು. ಹತ್ತು ವರ್ಷದ ನಂತರ ಹಳೆಯ ವಾಹನಗಳ ಪ್ರೀತಿಯಿರುವ ಹುಡುಗನೊಬ್ಬ ಬಂದು ಕೊಂಡು, ನಂಬರ್ ಮಾಡಿಸಿ, ಭಾನುವಾರ ಊರಿನ ಮೆರವಣಿಗೆಗೆ ಓಡಿಸುತ್ತಾನೆ. ಗಾಡಿ ಅದೇ, ಟ್ಯಾಂಕಿನಲ್ಲಿ ಉಳಿದ ಎಣ್ಣೆಯೂ ಅದೇ, ಆದರೆ ಗೇಟು ದಾಟಿದ ಕ್ಷಣಕ್ಕೆ ಕಾನೂನು ಬೇರೆಯಾಗಿರುತ್ತದೆ. ಹಳೆಯ ವಾಹನಕ್ಕೆ ಕೊಡುವ ವಿಶೇಷ ನಂಬರ್ ಪ್ಲೇಟಿನಿಂದ ಇಂಧನ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. ಎಣ್ಣೆಗೆ ಬಣ್ಣ ಬೆರೆತಿದೆಯೆಂದು ಬಳಸಿದವನಿಗೆ ಗೊತ್ತಿರಬೇಕು, ಅಥವಾ ಗೊತ್ತಾಗಲು ಕಾರಣವಿರಬೇಕು ಎಂಬುದು ದಂಡದ ಷರತ್ತು. ಕೆಂಪು ಡೀಸೆಲ್ಲಿನ ಪಂಪಿನ ಮೇಲೆ, ಇದು ತೆರಿಗೆಯಿಲ್ಲದ ಬಳಕೆಗೆ ಮಾತ್ರ, ಬೇರೆ ಬಳಕೆಗೆ ದಂಡವಿದೆ ಎಂದು ಬರೆದು ಅಂಟಿಸಿರುತ್ತಾರೆ; ಅದರ ಮುಂದೆ ನಿಂತು ತುಂಬಿಸಿಕೊಂಡವನು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಚಂಡಮಾರುತದಂಥ ಆಪತ್ತಿನಲ್ಲಿ ಡೀಸೆಲ್ ಸಿಗದೆ ಹೋದಾಗ ಸರ್ಕಾರವೇ ಸ್ವಲ್ಪ ದಿನ ದಂಡವನ್ನು ಕೈಬಿಡುವುದುಂಟು, 2005ರಲ್ಲಿ ಕತ್ರೀನಾ ಬಂದಾಗ ಹಾಗೆ ಮಾಡಿತ್ತು. ಅಂಥ ಪ್ರಕಟಣೆ ಇಲ್ಲದ ದಿನ ರಸ್ತೆಯಲ್ಲಿ ಕೆಂಪಿಗೆ ಜಾಗವಿಲ್ಲ.

ಗೊತ್ತಿರಲಿಲ್ಲ ಎಂಬ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಹಾನುಬಾಳಿನ ಹತ್ತಿರದ ನಮ್ಮ ತೋಟಕ್ಕೆ ಅಪ್ಪ ಹರಾಜಿನಲ್ಲಿ ಒಂದು ಶಕ್ತಿಮಾನ್ ಲಾರಿ ತಂದಿದ್ದರು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಲಾರಿ ಅದು. ಮಳೆಗಾಲದಲ್ಲಿ ಟ್ರ್ಯಾಕ್ಟರು ಹೂತುಕೊಳ್ಳುವ ಇಳಿಜಾರಿನಿಂದ ಸಿಲ್ವರ್ ಓಕ್ ಮರದ ದಿಮ್ಮಿಗಳನ್ನು ಮೇಲಕ್ಕೆ ತರಬೇಕಾದರೆ ಅದೇ ಬೇಕಿತ್ತು. ನಂಬರ್ ಮಾಡಿಸುವಾಗ ಮೊದಲು ಅದರ ಸೈನ್ಯದ ಹಸಿರು ಬಣ್ಣವನ್ನು ತೆಗೆಸಬೇಕಾಯಿತು, ಏಕೆಂದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಮಲೆನಾಡಿನ ರಸ್ತೆಗಳಲ್ಲಿ ಇಂದಿಗೂ ಆ ಬಣ್ಣದಲ್ಲೇ ಓಡುತ್ತಿರುವ ಖಾಸಗಿ ಜೀಪುಗಳನ್ನು ಕಂಡಾಗ ನನಗೆ ಆತಂಕವಾಗುತ್ತದೆ.

1996ರ ಮಾಗಿಯಲ್ಲಿ ಒಂದು ದಿನ, ಅರೇಬಿಕಾ ಚೆರ್ರಿಯ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ) ಚೀಲಗಳನ್ನು ಹೇರಿಕೊಂಡು ಸಕಲೇಶಪುರಕ್ಕೆ ಹೊರಟಿದ್ದೆವು. ಡ್ರೈವರ್ ಪಕ್ಕದಲ್ಲಿ ನಾನು ಕೂತಿದ್ದೆ. ಪಟ್ಟಣಕ್ಕೆ ಎರಡು ಮೈಲಿ ಇರುವಾಗ ಅಧಿಕಾರಿಗಳು ಕೈ ತೋರಿಸಿ ನಿಲ್ಲಿಸಿದರು. ಅವರಲ್ಲೊಬ್ಬರು ಟ್ಯಾಂಕಿನ ಮುಚ್ಚಳ ತೆಗೆಸಿ, ಬಳಪದಷ್ಟು ದಪ್ಪದ ಉದ್ದನೆಯ ಗಾಜಿನ ಕೊಳವೆಯನ್ನು ಒಳಗೆ ಇಳಿಬಿಟ್ಟು, ಮೇಲಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎತ್ತಿದರು. ಕೊಳವೆಯನ್ನು ಬಿಳಿ ಕಾಗದದ ಮುಂದೆ ಹಿಡಿದಾಗ, ತೆಳು ಹಳದಿ ಇರಬೇಕಾಗಿದ್ದ ಎಣ್ಣೆ ಪಾಚಿಯ ನೀರಿನ ಹಾಗೆ ಹಸಿರಾಗಿ ಕಾಣಿಸಿತು. ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಡೀಸೆಲ್ಲಿನ ಹಳದಿಗೆ ಬೆರೆತರೆ ಬರುವ ಬಣ್ಣ ಅದು. ತೋಟದೊಳಗಿನ ಕೆಲಸಕ್ಕೆಂದು ಡ್ರೈವರ್ ಹಿಂದಿನ ವಾರ ಎರಡು ಕ್ಯಾನ್ ಸುರಿದಿದ್ದನಂತೆ. ಅಪ್ಪನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಪಡಿತರ ಸೀಮೆಎಣ್ಣೆಯನ್ನು ಅಡುಗೆಗೂ ದೀಪಕ್ಕೂ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದೆಂದು 1993ರ ಸೀಮೆಎಣ್ಣೆ ಆದೇಶ ಹೇಳುತ್ತದೆ. ಅದರ ಹಿಂದಿರುವುದು 1955ರ ಅಗತ್ಯ ವಸ್ತುಗಳ ಕಾಯ್ದೆ, ಅದರ 7ನೇ ಕಲಮಿನಲ್ಲಿ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲು. ಲಾರಿ ಹನ್ನೊಂದು ದಿನ ಪೊಲೀಸ್ ಠಾಣೆಯ ಅಂಗಳದಲ್ಲಿ ನಿಂತಿತು. ಮೂರನೆಯ ದಿನ ಅಕಾಲದ ಮಳೆ ಬಂದು ಚೀಲಗಳಿಗೆ ಬೂಷ್ಟು ಹಿಡಿಯಿತು. ಅಪ್ಪ ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಮುಚ್ಚಿದ ಟಾರ್ಪಾಲಿನ ಮೂಲೆಯನ್ನು ಎತ್ತಿ ನೋಡಿ, ಏನೂ ಮಾತಾಡದೆ ವಾಪಸು ಬರುತ್ತಿದ್ದರು.

ಎಂಜಿನ್ನಿಗೂ ಪೆಟ್ಟು ಬಿದ್ದಿತ್ತು. ಸೀಮೆಎಣ್ಣೆಗೆ ಡೀಸೆಲ್ಲಿನಷ್ಟು ಜಿಡ್ಡಿಲ್ಲದ್ದರಿಂದ ಡೀಸೆಲ್ ಪಂಪು ಮತ್ತು ನಾಜಲ್ಲುಗಳು ಬೇಗ ಸವೆಯುತ್ತವೆ. ಹಾಸನದ ಮೇಸ್ತ್ರಿ ಪಂಪು ಬಿಚ್ಚಿ ತೋರಿಸಿದಾಗ ಅದರ ಪ್ಲಂಜರಿನ ಮೇಲೆ ಉಗುರಿಗೆ ತಾಗುವಷ್ಟು ಗೀರು ಎದ್ದಿತ್ತು. ಕೆಂಪು ಡೀಸೆಲ್ಲಿಗೂ ನಮ್ಮ ನೀಲಿ ಸೀಮೆಎಣ್ಣೆಗೂ ಇರುವ ದೊಡ್ಡ ಅಂತರ ಇದೇ, ಒಂದು ಜೇಬನ್ನು ಮಾತ್ರ ಸುಡುತ್ತದೆ, ಇನ್ನೊಂದು ಗಾಡಿಯನ್ನೂ ಸುಡುತ್ತದೆ.

ನಮ್ಮಲ್ಲಿ ಡೀಸೆಲ್ಲಿಗೆ ಅಂಥ ಎರಡು ಬಣ್ಣಗಳಿಲ್ಲ. ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪಿಗೂ, ಶಿರಾಡಿ ಘಾಟಿ ಇಳಿಯುವ ಲಾರಿಗೂ ಒಂದೇ ಬಂಕಿನ ಒಂದೇ ಎಣ್ಣೆ. ಕರ್ನಾಟಕದ ಮಾರಾಟ ತೆರಿಗೆ 2025ರ ಏಪ್ರಿಲ್ 1ರಿಂದ ಶೇಕಡ 21.17, ಅದನ್ನು ಇಬ್ಬರೂ ಸಮನಾಗಿ ಕಟ್ಟುತ್ತಾರೆ. ಹೂಮಳೆ ತಪ್ಪಿದ ವರ್ಷ ಹಗಲೂ ರಾತ್ರಿ ಪಂಪು ಓಡಿಸುವ ಸಣ್ಣ ಬೆಳೆಗಾರನಿಗೆ ರಸ್ತೆಯ ತೆರಿಗೆಯ ಭಾರವನ್ನು ಹೊರಿಸುವುದು ನ್ಯಾಯವಲ್ಲವೆಂದು ನಾನು ನಂಬಿದ್ದೇನೆ, ಆ ಮಟ್ಟಿಗೆ ಅಮೆರಿಕದ ಏರ್ಪಾಡು ನಮ್ಮದಕ್ಕಿಂತ ಮೇಲು. ಆದರೆ ಒಂದೇ ವಸ್ತುವಿಗೆ ಎರಡು ಬೆಲೆ ಇಟ್ಟ ಕಡೆಯಲ್ಲೆಲ್ಲ ಕಡಿಮೆ ಬೆಲೆಯದು ಹೆಚ್ಚು ಬೆಲೆಯ ಜಾಗಕ್ಕೆ ಹರಿಯುತ್ತದೆ, ಮತ್ತು ಅದನ್ನು ತಡೆಯಲು ಹೋದವರ ಪ್ರಾಣವನ್ನೇ ತೆಗೆದ ದೇಶ ನಮ್ಮದು. ಕೋಲಾರದ ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಸೇರಿದ್ದ ಮಂಜುನಾಥ್ ಷಣ್ಮುಗಂ, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕನ್ನು ಮುಚ್ಚಿಸಿದ್ದಕ್ಕಾಗಿ 2005ರ ನವೆಂಬರಿನಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಒಂಬತ್ತು ವರ್ಷ ಹಿಂದೆ ರಸ್ತೆಬದಿಯಲ್ಲಿ ಗಾಜಿನ ಕೊಳವೆ ಹಿಡಿದು ನಿಂತಿದ್ದ ಅಧಿಕಾರಿ. ಅಲ್ಲಿಯತನಕ ಅವರ ಮೇಲೆ ನನಗೆ ಸಿಟ್ಟಿತ್ತು. ಅಂದಿನಿಂದ ಇಲ್ಲ.

ಇನ್ನು ಅಳಿಯನಿಗೆ ಹೇಳಿದ ಕೆಲಸಗಳು. ರೈತನಿಂದ ಕೊಂಡ ಲಾರಿಯ ಟ್ಯಾಂಕಿನಲ್ಲಿ ಮೊದಲೇ ಏನಿದೆಯೆಂದು ನೋಡದೆ ಅದನ್ನು ರಸ್ತೆಗೆ ಇಳಿಸಬಾರದು. ಟ್ಯಾಂಕಿನ ತಳದ ಬೋಲ್ಟು ಬಿಚ್ಚಿ ಪೂರ್ತಿ ಖಾಲಿ ಮಾಡಿ, ಸ್ವಲ್ಪ ಬಿಳಿ ಡೀಸೆಲ್ ಹಾಕಿ ತೊಳೆದು ಮತ್ತೆ ಖಾಲಿ ಮಾಡಬೇಕು. ಎಲ್ಲ ಫಿಲ್ಟರುಗಳನ್ನೂ ಬದಲಿಸಬೇಕು, ಯಾಕೆಂದರೆ ಟ್ಯಾಂಕು ಸ್ವಚ್ಛವಾದರೂ ಹಳೆಯ ಫಿಲ್ಟರು ಕೆಂಪನ್ನು ಬಿಡುತ್ತಲೇ ಇರುತ್ತದೆ. ರಸ್ತೆಬದಿಯ ಬಂಕಿನ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಗಾಡಿಯಲ್ಲೇ ಇಡಬೇಕು. ಕೊಂಡ ದಿನಾಂಕ, ತೊಳೆದ ದಿನಾಂಕ, ಬದಲಿಸಿದ ಫಿಲ್ಟರಿನ ಬಿಲ್ಲು ಮೂರನ್ನೂ ಒಂದೇ ಕವರಿನಲ್ಲಿ ಹಾಕಿಡಬೇಕು.

ಕಳೆದ ಭಾನುವಾರ ಅವನು ಮೂರು ಗಾಜಿನ ಬಾಟಲಿಗಳ ಫೋಟೋ ಕಳಿಸಿದ್ದ. ಮೊದಲನೆಯದರಲ್ಲಿ ಕೋಕಂ ಶರಬತ್ತಿನಂಥ ಕೆಂಪು, ಎರಡನೆಯದರಲ್ಲಿ ತೆಳು ಗುಲಾಬಿ, ಮೂರನೆಯದರಲ್ಲಿ ಬರೀ ಡೀಸೆಲ್ಲಿನ ಹಳದಿ. ತೆಗೆದ ಎಣ್ಣೆ ಇಪ್ಪತ್ತು ಗ್ಯಾಲನ್ನಿನ ಮೇಲಿತ್ತಂತೆ. ಅದನ್ನು ಪಕ್ಕದ ಫಾರ್ಮಿನವರ ಟ್ರ್ಯಾಕ್ಟರಿಗೆ ಕೊಟ್ಟು ಬಂದಿದ್ದಾನೆ.