ಅಕ್ಷರವನ್ನು ಗೆರೆ ಮಾಡಿದ ತಪ್ಪು

ಮಕ್ಕಳ ಚಿತ್ರಕಥೆಗಳನ್ನು ವೆಬ್‌ಗೆ ಹಾಕುವ ಸಣ್ಣ ಪ್ರಕಾಶನವೊಂದರಲ್ಲಿ ಪುಟವಿನ್ಯಾಸ ನನ್ನ ಕೆಲಸ. ಚಿತ್ರ ಬಿಡಿಸುವುದು ಕ್ರಿತಾದಲ್ಲಿ, ಮಾತಿನ ಬಲೂನು ಜೋಡಿಸುವುದು ಇಂಕ್‌ಸ್ಕೇಪ್‌ನಲ್ಲಿ, ತಾಣ ಕಟ್ಟುವುದು ಹ್ಯೂಗೋದಲ್ಲಿ. ಮೂರೂ ಮುಕ್ತ ತಂತ್ರಾಂಶಗಳೇ. ನಮ್ಮ ಕಥೆಗಳು ಯಾರ ಬೀಗದೊಳಗೂ ಇಲ್ಲ ಎಂದು ನೆಮ್ಮದಿಯಿಂದಿದ್ದೆ.

ಮೊದಲ ಕಥೆ ತಾಣಕ್ಕೆ ಏರಿದ ದಿನ ಮಾತುಗಳೆಲ್ಲ ಬಲೂನಿನ ಅಂಚು ದಾಟಿ ಹೊರಚೆಲ್ಲಿದ್ದವು. ಇಂಕ್‌ಸ್ಕೇಪ್ ಕೊಡುವ ಎಸ್‌ವಿಜಿ ಕಡತವನ್ನು, ಅಂದರೆ ಚಿತ್ರವನ್ನು ಕೋಡಿನಲ್ಲಿ ಬರೆದಿಡುವ ಕಡತವನ್ನು, ಸಾಮಾನ್ಯ ಚಿತ್ರದಂತೆ ಪುಟಕ್ಕೆ ಹಾಕಿದರೆ, ಬ್ರೌಸರ್ ಅದಕ್ಕೆ ಹೊರಗಿನ ಫಾಂಟ್ ತರಲು ಬಿಡುವುದಿಲ್ಲ. ನಾವು ಆರಿಸಿದ್ದ 'ಬಾಲೂ ತಮ್ಮ' ಎಂಬ ಫಾಂಟ್ ಇರಬೇಕಾದ ಕಡೆ, ಓದುವವರ ಕಂಪ್ಯೂಟರಿನಲ್ಲಿದ್ದ ಯಾವುದೋ ಕನ್ನಡ ಫಾಂಟ್ ಬಂದು ಕೂತಿತ್ತು. ಗಡುವು ಹತ್ತಿರವಿತ್ತು. ಇಂಕ್‌ಸ್ಕೇಪ್‌ನಲ್ಲಿ ಪಠ್ಯವನ್ನೆಲ್ಲ ಆಯ್ದು 'ಆಬ್ಜೆಕ್ಟ್ ಟು ಪಾತ್' ಒತ್ತಿದೆ. ಅಕ್ಷರಗಳು ಗೆರೆಗಳಾದವು, ಎಲ್ಲ ಕಡೆ ಒಂದೇ ಥರ ಕಂಡವು. ಮೂಲ ಕಡತದ ಮೇಲೆಯೇ ಸೇವ್ ಮಾಡಿಬಿಟ್ಟೆ. ಮುಂದೆ 11 ಕಥೆಗಳವರೆಗೂ ಇದೇ ರೂಢಿಯಾಯಿತು.

ಕೆಲವು ತಿಂಗಳ ಮೇಲೆ, ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ಅವರ ತರಗತಿಯಲ್ಲಿ ಬಳಸುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದೂ ಮುಕ್ತ ತಂತ್ರಾಂಶವೇ. ಅದರ ಜೊತೆಗೆ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಕನ್ನಡ ಓದುತ್ತದೆ. ನಮ್ಮ ಪುಟದಲ್ಲಿ ಮಾತ್ರ ಶೀರ್ಷಿಕೆ ಓದಿ ಸುಮ್ಮನಾಗುತ್ತಿತ್ತಂತೆ. "ಕಥೆ ಎಲ್ಲಿದೆ ಮಿಸ್ ಅಂತ ಕೇಳ್ತಾರೆ" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಕನ್ನಡ ಓದಬಲ್ಲ ಯಂತ್ರದ ಮುಂದೆ ನಾನು ಕನ್ನಡವನ್ನೇ ಅಳಿಸಿಹಾಕಿದ್ದೆ. ಹುಡುಕಿದರೆ ಒಂದು ಪದವೂ ಸಿಗುತ್ತಿರಲಿಲ್ಲ, ಒಂದು ಕಾಗುಣಿತದ ತಪ್ಪನ್ನೂ ತಿದ್ದುವಂತಿರಲಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಎಸ್‌ವಿಜಿಯ ಕೋಡನ್ನೇ ಪುಟದ ಎಚ್‌ಟಿಎಂಎಲ್ ಕೋಡಿನೊಳಗೆ ಸೇರಿಸಿದರೆ ಪುಟದ ಫಾಂಟ್ ಅದಕ್ಕೂ ಸಿಗುತ್ತದೆ, ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಬಾಲೂ ತಮ್ಮ ಮುಕ್ತವಾಗಿ ಬಳಸಿ ಹಂಚಲು ಬಿಡುವ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿರುವುದರಿಂದ ನಮ್ಮ ಸರ್ವರ್‌ನಲ್ಲೇ ಇಡಬಹುದು. ಮುದ್ರಣಕ್ಕೆ ಗೆರೆ ಮಾಡಬೇಕಾದರೆ ಈಗ ಬೇರೆ ಪ್ರತಿ ತೆಗೆಯುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ.

ಕಿವಿಗೊಟ್ಟು ಕೇಳಿದಾಗಲೇ ಗೊತ್ತಾದದ್ದು ಇನ್ನೊಂದು. ಸ್ಕ್ರೀನ್ ರೀಡರ್ ಬಲೂನುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಓದುವುದಿಲ್ಲ. ಕಡತದಲ್ಲಿ ಯಾವುದು ಮೊದಲಿದೆಯೋ ಅದನ್ನು ಮೊದಲು ಓದುತ್ತದೆ. ನಾನು ಕೊನೆಗೆ ಸೇರಿಸಿದ್ದ ಅಜ್ಜಿಯ ಪ್ರಶ್ನೆ, ಮೊಮ್ಮಗನ ಉತ್ತರವಾದ ಮೇಲೆ ಕೇಳಿಸಿತು! ಇಂಕ್‌ಸ್ಕೇಪ್‌ನ ಆಬ್ಜೆಕ್ಟ್ಸ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದೇ ಕಡತದಲ್ಲಿ ಮೊದಲನೆಯದು. ಹಾಗಾಗಿ ಮೊದಲ ಮಾತನ್ನು ಕೆಳಗಿಟ್ಟು ಮೇಲಕ್ಕೆ ಜೋಡಿಸುತ್ತಾ ಬರುತ್ತೇನೆ. ಪ್ರಕಟಿಸುವ ಮುನ್ನ ಕಣ್ಣು ಮುಚ್ಚಿ ಪ್ರತಿ ಪುಟವನ್ನೂ ಕೇಳುತ್ತೇನೆ.

ಹಳೆಯ 11ರಲ್ಲಿ 7 ಕಥೆಗಳನ್ನು ಲೇಖಕರ ಹಸ್ತಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡಿದ್ದೇವೆ. ಉಳಿದ 4 ಕಥೆಗಳ ಲೇಖಕರ ಪ್ರತಿಗಳು ಹಳೇ ಆಸ್ಕಿ ಫಾಂಟಿನಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಫಾಂಟಿನಲ್ಲಿ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಬೇಕು. ಯುಗಾದಿಯೊಳಗೆ ಮುಗಿಸುತ್ತೇನೆಂದು ಆ ಶಿಕ್ಷಕಿಗೆ ಮಾತು ಕೊಟ್ಟಿದ್ದೇನೆ.