ಬೆರ್ವಿನ್ನಿನ ಹಾಸ್ಯಗಾರ

ಶಿಕಾಗೋದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ಹೊತ್ತಿಗೆ ಯಾರೋ ಮನೆ ಎಲ್ಲಿ ಎಂದು ಕೇಳಿದರು. ಅಲ್ಲೇ ಪಕ್ಕದ ಉಪನಗರ ಬೆರ್ವಿನ್ ಎಂದೆ. ಮೇಜಿನ ಸುತ್ತ ಕೂತಿದ್ದ ಮೂವರೂ ಒಟ್ಟಿಗೆ "ಬೆ...ರ್ವಿನ್!" ಎಂದು ರಾಗ ಎಳೆದು ನಕ್ಕರು. ನಾನು ಉಚ್ಚರಿಸಿದ್ದು ತಪ್ಪಾಯಿತೇನೋ ಅಂದುಕೊಂಡೆ. ಆ ನಗುವಿನ ಮೂಲ ಗೊತ್ತಾಗಲು ಎರಡು ವರ್ಷ ಹಿಡಿಯಿತು, ಅದೂ ಹೀಟರ್ ಕೆಟ್ಟ ಒಂದು ರಾತ್ರಿ.

2014ರ ಚಳಿಗಾಲ ಅದು. ಆ ಜನವರಿಯ ಒಂದು ಬೆಳಿಗ್ಗೆ ಶಿಕಾಗೋದಲ್ಲಿ ಉಷ್ಣತೆ ಸೊನ್ನೆಗಿಂತ 27 ಡಿಗ್ರಿ ಕೆಳಗಿಳಿದಿತ್ತು. ಹೆಂಡತಿಯ ಬಾಣಂತನಕ್ಕೆಂದು ಅಮ್ಮ, ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದಿದ್ದರು. ಅಮ್ಮನಿಗೆ ಮಗುವಿನ ಕೆಲಸದಲ್ಲಿ ಪುರುಸೊತ್ತಿಲ್ಲ. ಅಪ್ಪಯ್ಯನಿಗೆ ಮಾತ್ರ ಕಿಟಕಿಯ ಹಿಮ ನೋಡಿ ನೋಡಿ ಸಾಕಾಗಿತ್ತು. ಊರಲ್ಲಾದರೆ ಅದು ಯಕ್ಷಗಾನ ಮೇಳಗಳ ತಿರುಗಾಟದ ಕಾಲ. ಹತ್ತಿರದಲ್ಲಿ ಎಲ್ಲೇ ಆಟ ಇದ್ದರೂ ಬೈರಾಸು ಹೆಗಲಿಗೆ ಹಾಕಿಕೊಂಡು ಹೊರಟು ಬೆಳಕು ಹರಿದ ಮೇಲೆ ಮನೆಗೆ ಬರುವ ಮನುಷ್ಯ.

ಒಂದು ಶನಿವಾರ ಸಂಜೆ ನಮ್ಮ ಮಹಡಿಯ ಹೀಟರ್ ನಿಂತಿತು. ರಿಪೇರಿಯವರು ಬೆಳಿಗ್ಗೆಯೇ ಬರುವುದು ಎಂದು ಗೊತ್ತಾದಾಗ ಕೆಳಗಿನ ಮನೆಯ ಮಾಲೀಕರು ಎಲ್ಲರನ್ನೂ ತಮ್ಮಲ್ಲಿಗೆ ಕರೆದರು. ಐವತ್ತು ದಾಟಿದವರು, ಒಂಟಿ. ಅಜ್ಜ ಅಜ್ಜಿ ಚೆಕ್ ದೇಶದಿಂದ ಬಂದವರಂತೆ. ಒಂದು ಕಾಲಕ್ಕೆ ಬೆರ್ವಿನ್ ತುಂಬ ಅಂಥ ಮನೆತನಗಳೇ. ಅಮ್ಮನೂ ಹೆಂಡತಿಯೂ ಮಗುವನ್ನು ಒಳಕೋಣೆಯಲ್ಲಿ ಮಲಗಿಸಿದರು. ನಾವು ಟಿವಿಯ ಮುಂದೆ ಕೂತೆವು. ಟಿವಿಯ ಪಕ್ಕದಲ್ಲಿ ಹಳದಿ ರಬ್ಬರಿನ ಕೋಳಿಯೊಂದು ಕತ್ತು ಇಳಿಬಿಟ್ಟುಕೊಂಡು ಬಿದ್ದಿತ್ತು. ಮಗುವಿಗೆ ತಂದಿದ್ದೋ ಎಂದು ಕೇಳಿದೆ. "ಇರು, ಗೊತ್ತಾಗುತ್ತೆ" ಎಂದರು.

ಪರದೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆಯಿತು. ಎತ್ತರದ ಕರಿ ಟೋಪಿ, ಭುಜ ಮುಟ್ಟುವ ಕರಿ ಕೂದಲು, ಕಣ್ಣಿನ ಸುತ್ತ ದಪ್ಪಗೆ ಕಪ್ಪು ಬಳಿದುಕೊಂಡ ಒಬ್ಬಾತ ಎದ್ದು ಬಂದ. ಟಿವಿಯಲ್ಲಿ ಹಳೆಯ ದೆವ್ವದ ಚಿತ್ರಗಳನ್ನು ತೋರಿಸುವ ವೇಷಧಾರಿ ನಿರೂಪಕ, ಸ್ವೆಂಗೂಲಿ. ಬಂದವನೇ ಒಂದು ನಗೆಹನಿ ಹೇಳಿದ, ಕ್ಯಾಮೆರಾದ ಆಚೆಯಿಂದ ರಬ್ಬರ್ ಕೋಳಿಗಳು ಅವನ ಮೇಲೆ ಹಾರಿ ಬಂದವು. ಮಾತಿನ ಮಧ್ಯೆ ಅವನು ಬೆರ್ವಿನ್ ಅಂದದ್ದೇ ತಡ, ಅದೇ ರಾಗ! ಮಾಲೀಕರು ಕೂತಲ್ಲಿಂದಲೇ ದನಿಗೂಡಿಸಿದರು.

ಅವರು ಅಂದು ಹೇಳಿದ್ದು ಕೇಳಿ, ಆಮೇಲೆ ಹುಡುಕಿ ಓದಿ ನನಗೆ ಇಂಥ ನಿರೂಪಕರ ಪರಂಪರೆಯ ಹುಚ್ಚೇ ಹಿಡಿಯಿತು. 1957ರಲ್ಲಿ ಯೂನಿವರ್ಸಲ್ ಸ್ಟುಡಿಯೋದ 52 ಹಳೆಯ ಚಿತ್ರಗಳು ಒಂದೇ ಕಟ್ಟಿನಲ್ಲಿ ಅಮೆರಿಕದ ಊರೂರಿನ ಟಿವಿ ಕೇಂದ್ರಗಳಿಗೆ ಮಾರಾಟಕ್ಕೆ ಬಂದವು. ಅವುಗಳಲ್ಲಿ ದೆವ್ವ, ರಾಕ್ಷಸರ ಕಥೆಗಳು ಹಲವು. ತಡರಾತ್ರಿ ಅವನ್ನು ನೋಡಿಸಲು ಯಾರಾದರೂ ಬೇಕಲ್ಲ? ಕೇಂದ್ರದಲ್ಲಿದ್ದ ಉದ್ಘೋಷಕನಿಗೋ, ಹವಾಮಾನ ಓದುವವನಿಗೋ ವೇಷ ಹಾಕಿಸಿ ಕೂರಿಸಿದರು. ಅದಕ್ಕೂ ಮೊದಲು, 1954ರಲ್ಲೇ, ಲಾಸ್ ಏಂಜಲೀಸಿನಲ್ಲಿ ಮೈಲಾ ನುರ್ಮಿ ಎಂಬ ನಟಿ ವ್ಯಾಂಪೈರಾ ಆಗಿ ಈ ದಾರಿ ಹಾಕಿಕೊಟ್ಟಿದ್ದಳು. ಕ್ಲೀವ್‌ಲ್ಯಾಂಡಿನಲ್ಲಿ 1963ರಿಂದ ಅರ್ನಿ ಆ್ಯಂಡರ್ಸನ್ ಗೂಲಾರ್ಡಿಯಾದ. ಪಾರ್ಮಾ ಎಂಬ ಅಲ್ಲಿಯ ಉಪನಗರವನ್ನು ಬಿಡದೆ ಗೇಲಿ ಮಾಡುತ್ತಿದ್ದವನು ಅವನೇ. 1970ರಲ್ಲಿ ಶಿಕಾಗೋದ 32ನೇ ಚಾನೆಲ್ಲಿನಲ್ಲಿ ಜೆರ್ರಿ ಜಿ. ಬಿಷಪ್ ಮೊದಲ ಸ್ವೆಂಗೂಲಿಯಾದಾಗ ಆ ಪಾಲು ಬೆರ್ವಿನ್ನಿಗೆ ಬಂತು.

ಆಗ ಕಾಲೇಜಿನಲ್ಲಿದ್ದ ರಿಚ್ ಕೋಜ್ ಎಂಬ ಹುಡುಗ ಆ ಕಾರ್ಯಕ್ರಮಕ್ಕೆ ನಗೆಹನಿ ಬರೆದು ಕಳಿಸುತ್ತಿದ್ದನಂತೆ. 1979ರಲ್ಲಿ ಅವನೇ ‘ಸ್ವೆಂಗೂಲಿಯ ಮಗ’ನಾಗಿ ವೇಷ ಕಟ್ಟಿದ, ಮುಂದೆ ಬಿಷಪ್ ಒಪ್ಪಿಗೆ ಕೊಟ್ಟ ಮೇಲೆ ಸ್ವೆಂಗೂಲಿಯೇ ಆದ. ನಾವು ಅಂದು ನೋಡಿದ್ದು ಅವನನ್ನೇ. 2011ರಿಂದ ಅವನು ಇಡೀ ದೇಶಕ್ಕೆ ಕಾಣಿಸುತ್ತಾನೆ. ಆದರೂ ಬೆರ್ವಿನ್ನನ್ನು ಬಿಟ್ಟಿಲ್ಲ. ನನಗೆ ತುಂಬ ಇಷ್ಟವಾಗುವುದು ಅದೇ.

ಅಂದಿನ ಚಿತ್ರ 1941ರದು, ಲಾನ್ ಚೇನಿ ಜೂನಿಯರ್ ತೋಳವಾಗುವ ಕಥೆ. ಮಂಜು ಕವಿದ ಕಾಡಿನಲ್ಲಿ ಅವನು ತುದಿಗಾಲಲ್ಲಿ ನಡೆಯುವಾಗ ಅಪ್ಪಯ್ಯ ಕಂಬಳಿ ಬಿಗಿ ಹಿಡಿದರು. ಬಿಡುವು ಬಂತು, ಸ್ವೆಂಗೂಲಿ ಬಂದ. ಯಾರು ನಟಿಸಿದ್ದು, ಆ ನಟ ಬೇರೆ ಯಾವುದರಲ್ಲಿದ್ದ ಎಂದೆಲ್ಲ ಅಕ್ಕರೆಯಿಂದ ಹೇಳಿದ, ಹಾಡೊಂದಕ್ಕೆ ಅದೇ ಕಥೆ ಹೊಂದಿಸಿ ಹಾಡಿದ, ಮತ್ತೆ ಕೋಳಿ. ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವ ನಮ್ಮ ಮೇಳದ್ ಹಾಸ್ಯಗಾರನೇ ಅಲ್ದಾ!" ಎಂದರು. ಮಾಲೀಕರಿಗೆ ವಿವರಿಸು ಎಂದು ನನಗೆ ಒಂದೇ ವರಾತ. ದೀವಟಿಗೆಯ ಬೆಳಕಿನಲ್ಲಿ ತೆರೆಯ ಹಿಂದಿನಿಂದ ಬಣ್ಣದ ವೇಷ ಅಬ್ಬರಿಸುವಾಗ ಮಕ್ಕಳು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುವುದು, ಆಮೇಲೆ ಹಾಸ್ಯಗಾರ ಬಂದು ಆಟ ನಡೆಯುತ್ತಿರುವ ಊರಿನ ಹೆಸರನ್ನೇ ಮಾತಿಗೆ ಸೇರಿಸಿದಾಗ ಇಡೀ ಗದ್ದೆ ನಗುವುದು, ಎಲ್ಲ ಹೇಳಿದೆ. ಒಳ್ಳೆಯ ಹಾಸ್ಯಗಾರ ರಾಕ್ಷಸನನ್ನು ಹಗುರ ಮಾಡುವುದಿಲ್ಲ, ನಾವು ಮತ್ತೊಮ್ಮೆ ಹೆದರಲು ಧೈರ್ಯ ಕೊಡುತ್ತಾನೆ. ಅಪ್ಪಯ್ಯನ ಈ ಮಾತನ್ನು ನನ್ನ ಇಂಗ್ಲಿಷಿಗೆ ಆದಷ್ಟು ತಂದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಹತ್ತು ವರ್ಷದವನಿದ್ದಾಗ ಅಪ್ಪನ ತೊಡೆಗೊರಗಿ ಇದನ್ನೇ ನೋಡುತ್ತಿದ್ದೆ, ತನ್ನ ಊರಿನ ಹೆಸರು ಟಿವಿಯಲ್ಲಿ ಕೇಳಿದಾಗ ಹೆದರಿಕೆ ಓಡಿಹೋಗುತ್ತಿತ್ತು ಎಂದರು. ಆಮೇಲೆ ಎದ್ದು ಆ ರಬ್ಬರ್ ಕೋಳಿಯನ್ನು ಅಪ್ಪಯ್ಯನ ಕೈಗಿಟ್ಟರು. ಅಪ್ಪಯ್ಯ ಅದರ ಕತ್ತು ಹಿಡಿದು ತಿರುಗಿಸಿ ನೋಡಿದರು. ಒಂದು ಕಣ್ಣಿನ ಬಣ್ಣ ಸವೆದು ಹೋಗಿತ್ತು. ಮುಂದಿನ ಬಿಡುವಿನಲ್ಲಿ ಸರಿಯಾದ ಹೊತ್ತಿಗೆ ಟಿವಿಗೆ ಗುರಿಯಿಟ್ಟು ಎಸೆದರು.

ಬೆಳಿಗ್ಗೆ ಹೀಟರ್ ಸರಿಯಾಯಿತು. ಆಮೇಲಿನ ಶನಿವಾರಗಳಲ್ಲೂ ಅಪ್ಪಯ್ಯ ಕಂಬಳಿ ಹೊದ್ದು ಕೆಳಗಿಳಿದೇ ಹೋದರು.

ಏಪ್ರಿಲ್‌ನಲ್ಲಿ ಊರಿಗೆ ಹೋದರು. ನಮ್ಮ ಶನಿವಾರ ರಾತ್ರಿ ಅವರಿಗೆ ಭಾನುವಾರದ ಬೆಳಗು. ಆಟ ನೋಡಿ ಬಂದ ದಿನ ನಿದ್ದೆಗಣ್ಣಿನಲ್ಲೇ ಫೋನು ಮಾಡುತ್ತಾರೆ, ಮಗುವಿನ ಸುದ್ದಿ ಕೇಳುತ್ತಾರೆ, ಕೆಳಗಿನ ಮನೆಯವರನ್ನು ವಿಚಾರಿಸುತ್ತಾರೆ. ಆಮೇಲೆ ಕೇಳುತ್ತಾರೆ: "ಅಲ್ಲಿ ಇವತ್ತ್ ಯಾವ್ ಪ್ರಸಂಗ?"